ಕೆಲಸಗಾರರ ಪರಿಹಾರ ವಿಮೆ: ಕೊಡಗಿನ ತೋಟ, ಹೋಂಸ್ಟೇ, ಅಂಗಡಿ ಮಾಲೀಕರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಫಿ ಕೊಯ್ಲು ಮುಗಿಯುತ್ತಿದ್ದಂತೆ ಕರಿಮೆಣಸು, ಅದರ ಬೆನ್ನಿಗೇ ಮರ ಕಪಾತು, ಅಂದರೆ ನೆರಳಿನ ಮರಗಳ ಕೊಂಬೆ ಕತ್ತರಿಸುವ ಕೆಲಸ. ಏಣಿ ಹೊರಬರುವ ಈ ತಿಂಗಳುಗಳಲ್ಲಿ ಪತ್ರಿಕೆಯ ಕೊಡಗು ಪುಟದಲ್ಲಿ ಒಂದೇ ಬಗೆಯ ಸುದ್ದಿ ಮತ್ತೆ ಮತ್ತೆ ಬರುತ್ತದೆ: ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿ ಕಾರ್ಮಿಕ ಸಾವು. ಆ ಮನೆಯವರಿಗೆ ಮುಂದೆ ಏನು ಸಿಕ್ಕಿತು, ಮಾಲೀಕರು ಆ ಹಣವನ್ನು ಎಲ್ಲಿಂದ ಹೊಂದಿಸಿದರು ಎಂಬುದು ಮಾತ್ರ ಸುದ್ದಿಯಾಗುವುದಿಲ್ಲ. ಸುಂಟಿಕೊಪ್ಪದಿಂದ ಕುಟ್ಟದವರೆಗೆ ಸಣ್ಣ ಬೆಳೆಗಾರರು, ಹೋಂಸ್ಟೇ ನಡೆಸುವವರು, ಅಂಗಡಿ ಮತ್ತು ವರ್ಕ್‌ಶಾಪ್ ಇಟ್ಟುಕೊಂಡವರು, ಇಂಥ ಅಪಘಾತದ ಪರಿಹಾರವನ್ನು ಮಾಲೀಕರ ಪರವಾಗಿ ಕಟ್ಟುವ ಈ ವಿಮೆಯ ಬಗ್ಗೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇವೆ. ಕೆಲವು ಉತ್ತರಗಳು ಮಾಲೀಕರಿಗೆ ಹಿತವಾಗಿರಲಾರವು. ಆದರೂ ಅಪಘಾತಕ್ಕೆ ಮೊದಲೇ ತಿಳಿದಿರುವುದು ಒಳ್ಳೆಯದು.

ನಾನು ವಿಮೆ ಮಾಡಿಸಿಲ್ಲ. ಹಾಗಾದರೆ ಪರಿಹಾರ ಕೊಡುವ ಹೊಣೆಯೂ ನನಗಿಲ್ಲ ಅಲ್ಲವೇ?

ಹೊಣೆ ಇದ್ದೇ ಇದೆ. ಅತಿ ಹೆಚ್ಚು ಜನ ತಪ್ಪು ತಿಳಿದಿರುವುದು ಇದನ್ನೇ. ಕೆಲಸದ ಕಾರಣದಿಂದ, ಕೆಲಸದ ಅವಧಿಯಲ್ಲಿ ಅಪಘಾತವಾಗಿ ಕೆಲಸಗಾರ ಗಾಯಗೊಂಡರೆ ಅಥವಾ ಮೃತಪಟ್ಟರೆ ಪರಿಹಾರ ಕೊಡಬೇಕಾದವರು ಮಾಲೀಕರು. ಈ ಹೊಣೆಯನ್ನು ಹೊರಿಸಿದ್ದು ಕೆಲಸಗಾರರ ಪರಿಹಾರದ 1923ರ ಕಾಯ್ದೆ. ವಿಮೆ ಇದ್ದರೆ ಆ ಹಣವನ್ನು ವಿಮಾ ಕಂಪನಿ ಕಟ್ಟುತ್ತದೆ, ಇಲ್ಲದಿದ್ದರೆ ನೀವು ಕಟ್ಟುತ್ತೀರಿ. ವ್ಯತ್ಯಾಸ ಇಷ್ಟೇ. ಆದೇಶವಾದ ಮೇಲೂ ಕಟ್ಟದಿದ್ದರೆ ಅದನ್ನು ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಲು ಕಾನೂನಿನಲ್ಲಿ ಅವಕಾಶವಿದೆ. ಭೂಕಂದಾಯದ ಬಾಕಿ ಎಂದರೆ ತೋಟದ ಮೇಲೆಯೇ ಕೈ ಬೀಳಬಹುದು ಎಂದು ಬೆಳೆಗಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಂದರೆ ವಿಮೆ ಕಡ್ಡಾಯವೇ?

ಪರಿಹಾರ ಕೊಡುವುದು ಕಡ್ಡಾಯ. ಅದಕ್ಕಾಗಿ ಖಾಸಗಿ ಅಥವಾ ಸರ್ಕಾರಿ ಸ್ವಾಮ್ಯದ ಕಂಪನಿಯ ಪಾಲಿಸಿ ಕೊಳ್ಳಲೇಬೇಕೆಂದು 1923ರ ಕಾಯ್ದೆ ಹೇಳಿರಲಿಲ್ಲ. ಆದರೆ ಒಂದೇ ಒಂದು ಸಾವಿನ ಪರಿಹಾರ ಹತ್ತು ಲಕ್ಷ ರೂಪಾಯಿ ದಾಟುವ ಕಾಲದಲ್ಲಿ ಐದು ಎಕರೆಯ ಬೆಳೆಗಾರರು ಪಾಲಿಸಿ ಇಲ್ಲದೆ ಮರಕ್ಕೆ ಆಳು ಹತ್ತಿಸುವುದು ತಮ್ಮ ಮನೆಯನ್ನೂ ಆ ಕೆಲಸಗಾರನ ಮನೆಯನ್ನೂ ಒಟ್ಟಿಗೆ ಅಪಾಯಕ್ಕೆ ಒಡ್ಡಿದಂತೆ. ಮಾಲೀಕರ ಕೈಯಲ್ಲಿ ಹಣವಿಲ್ಲದಿದ್ದರೆ, ಗೆದ್ದ ಆದೇಶವನ್ನು ಹಿಡಿದುಕೊಂಡು ಕಾಯುವವಳು ಆ ಕೆಲಸಗಾರನ ಹೆಂಡತಿ.

ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆಯಲ್ಲ, ಹಳೆಯ ಕಾಯ್ದೆ ಈಗಲೂ ಇದೆಯೇ?

1923ರ ಕಾಯ್ದೆಯ ಹೆಸರು ಮೊದಲು ‘ವರ್ಕ್‌ಮೆನ್ಸ್ ಕಾಂಪೆನ್ಸೇಷನ್ ಆ್ಯಕ್ಟ್’ ಎಂದಿತ್ತು. 2009ರ ತಿದ್ದುಪಡಿಯಿಂದ ಅದು ‘ಎಂಪ್ಲಾಯೀಸ್ ಕಾಂಪೆನ್ಸೇಷನ್ ಆ್ಯಕ್ಟ್’ ಆಯಿತು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅವುಗಳಲ್ಲಿ ಒಂದಾದ 2020ರ ಸಾಮಾಜಿಕ ಭದ್ರತಾ ಸಂಹಿತೆಯ ಏಳನೆಯ ಅಧ್ಯಾಯ ಈಗ ಈ ವಿಷಯವನ್ನು ನೋಡಿಕೊಳ್ಳುತ್ತದೆ. ಮಾಲೀಕರ ಹೊಣೆ, ಪರಿಹಾರದ ಸೂತ್ರ, ತಡವಾದರೆ ಬಡ್ಡಿ, ಈ ಮೂಲ ಚೌಕಟ್ಟು ಹಾಗೆಯೇ ಮುಂದುವರಿದಿದೆ. ಪರಿಹಾರದ ಅರ್ಜಿಗಳನ್ನು ತೀರ್ಮಾನಿಸುವವರನ್ನು ‘ಆಯುಕ್ತರು’ ಎನ್ನುತ್ತಿದ್ದ ಕಡೆ ಈಗ ‘ಸಕ್ಷಮ ಪ್ರಾಧಿಕಾರ’ ಎನ್ನುತ್ತಾರೆ. ಹಳೆಯ ಪಾಲಿಸಿ ಇರುವವರು ಅದರಲ್ಲಿ ಹಳೆಯ ಕಾಯ್ದೆಯ ಹೆಸರು ಮಾತ್ರ ಇದೆಯೇ, ಹೊಸ ಸಂಹಿತೆಯ ಹೊಣೆಯೂ ಸೇರಿದೆಯೇ ಎಂದು ಕಂಪನಿಯಿಂದ ಬರಹದಲ್ಲಿ ಕೇಳಿ ಪಡೆಯಿರಿ. ಏಜೆಂಟರ ಬಾಯಿಮಾತು ಸಾಲದು.

ಕೊಯ್ಲಿಗೆ ಮಾತ್ರ ಬಂದು ಹೋಗುವ ದಿನಗೂಲಿಯವರಿಗೂ ಇದು ಅನ್ವಯಿಸುತ್ತದೆಯೇ?

ಅನ್ವಯಿಸುತ್ತದೆ. ‘ತಾತ್ಕಾಲಿಕ ಸ್ವರೂಪದ ಕೆಲಸ’ ಎಂಬ ವಿನಾಯಿತಿಯನ್ನು 2000ನೇ ಇಸವಿಯ ತಿದ್ದುಪಡಿಯಲ್ಲೇ ತೆಗೆದುಹಾಕಲಾಗಿದೆ. ಅಸ್ಸಾಂನಿಂದ ಬಂದು ಮೂರು ತಿಂಗಳು ಇರುವವರು, ಆದಿವಾಸಿ ಹಾಡಿಯಿಂದ ವಾರಕ್ಕೆ ಎರಡು ದಿನ ಬರುವವರು, ಮಾಲೀಕರು ಕೊಟ್ಟ ಲೈನ್ ಮನೆಯಲ್ಲಿ ಮೂವತ್ತು ವರ್ಷದಿಂದ ಇರುವವರು, ಮೂರೂ ವರ್ಗಕ್ಕೆ ಹಕ್ಕು ಒಂದೇ. ಕಾಫಿ, ಏಲಕ್ಕಿ, ರಬ್ಬರ್, ಚಹಾ ಬೆಳೆಯುವ ಎಸ್ಟೇಟಿನ ಕೆಲಸವನ್ನು ಕಾಯ್ದೆಯ ಅನುಸೂಚಿ ಹೆಸರಿಸಿಯೇ ಹೇಳುತ್ತದೆ. ಕೆಲಸಕ್ಕೆ ಸೇರಿದ ಮೊದಲ ದಿನವೇ ಬಿದ್ದರೂ ಪರಿಹಾರ ಇದೆ.

ಮೇಸ್ತ್ರಿಗೆ ಗುತ್ತಿಗೆ ಕೊಟ್ಟಿದ್ದೇನೆ. ಆಳುಗಳು ಅವನವರು. ಆಗಲೂ ನಾನೇ ಹೊಣೆಯೇ?

ಕೊಡಗಿನಲ್ಲಿ ಈ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಮರ ಕಪಾತು, ಕರಿಮೆಣಸು ಕೊಯ್ಲು, ಮರ ಕಡಿಯುವುದು, ಹೀಗೆ ಎತ್ತರದ, ಅಪಾಯದ ಕೆಲಸಗಳನ್ನೇ ನಾವು ಹೆಚ್ಚಾಗಿ ಗುತ್ತಿಗೆಗೆ ಕೊಡುವುದು. ‘ತಲೆನೋವು ಅವನಿಗೆ’ ಎಂಬ ನೆಮ್ಮದಿಯಲ್ಲಿ ಇರುವುದು.

ಕಾನೂನು ಹಾಗೆ ನೋಡುವುದಿಲ್ಲ. ನಿಮ್ಮ ವ್ಯವಹಾರದ ಭಾಗವೇ ಆಗಿರುವ ಕೆಲಸವನ್ನು ಗುತ್ತಿಗೆದಾರನ ಮೂಲಕ ನಿಮ್ಮ ಜಾಗದಲ್ಲಿ ಮಾಡಿಸಿದರೆ, ಗಾಯಗೊಂಡವರು ಪರಿಹಾರವನ್ನು ನೇರವಾಗಿ ನಿಮ್ಮಿಂದಲೇ ಕೇಳಬಹುದು. ಮೇಸ್ತ್ರಿಯಿಂದಲೂ ಕೇಳಬಹುದು, ಆಯ್ಕೆ ಅವರದು. ಕೊಟ್ಟ ಹಣವನ್ನು ಮೇಸ್ತ್ರಿಯಿಂದ ಮರಳಿ ಪಡೆಯುವ ಹಕ್ಕು ನಿಮಗಿದೆ ನಿಜ. ಆದರೆ ಹತ್ತು ಹದಿನೈದು ಲಕ್ಷ ರೂಪಾಯಿ ಮರಳಿಸುವ ಶಕ್ತಿಯಿರುವ ಮೇಸ್ತ್ರಿಗಳು ಎಷ್ಟು ಜನ ಸಿಕ್ಕಾರು?

ಬಳ್ಳಿಯಲ್ಲಿರುವಾಗಲೇ ಮೆಣಸಿನ ಫಸಲನ್ನು ವ್ಯಾಪಾರಿಗೆ ಮಾರಿಬಿಟ್ಟರೆ ಹೇಗೆ ಎಂದು ಕೆಲವರು ಕೇಳುತ್ತಾರೆ. ಫಸಲು ಅವರದು, ಕೊಯ್ಯುವ ಆಳೂ ಅವರದು ಎಂದು ವಾದಿಸಲು ಅಲ್ಲಿ ಜಾಗವಿದೆ. ಬರಹದಲ್ಲಿ ಒಪ್ಪಂದವಿಲ್ಲದೆ, ಮುಂಗಡ ತೆಗೆದುಕೊಂಡ ಚೀಟಿಯೊಂದನ್ನು ಇಟ್ಟುಕೊಂಡು ಆ ವಾದ ಮಾಡಲು ಹೋಗಬೇಡಿ. ಅಪಘಾತ ನಡೆದದ್ದು ನಿಮ್ಮ ತೋಟದಲ್ಲಿ ಎಂಬುದು ಮೊದಲು ಎದ್ದು ನಿಲ್ಲುತ್ತದೆ.

ಆದ್ದರಿಂದ ಪಾಲಿಸಿ ಮಾಡಿಸುವಾಗ ‘ಗುತ್ತಿಗೆದಾರರ ಕೆಲಸಗಾರರು’ ಎಂಬ ಹೆಚ್ಚುವರಿ ರಕ್ಷಣೆಯನ್ನು ಕೇಳಿ ಸೇರಿಸಿಕೊಳ್ಳಿ. ಸಾಮಾನ್ಯ ಪಾಲಿಸಿಯಲ್ಲಿ ಅದು ತಾನಾಗಿ ಬರುವುದಿಲ್ಲ. ಗುತ್ತಿಗೆಯವರಿಗೆ ಕೊಡುವ ಕೂಲಿಯ ಅಂದಾಜನ್ನೂ ಪ್ರತ್ಯೇಕವಾಗಿ ಬರೆಸಿ. ಮೇಸ್ತ್ರಿಯ ಬಳಿಯೇ ಪಾಲಿಸಿ ಇದ್ದರೆ ಅದರ ಪ್ರತಿಯನ್ನು ತೆಗೆದುಕೊಂಡು, ಅವಧಿ ಮುಗಿದಿಲ್ಲವೆಂದು ದಿನಾಂಕ ನೋಡಿದ ಮೇಲೆಯೇ ಕೆಲಸ ಶುರು ಮಾಡಿಸಿ.

ಪಕ್ಕದ ತೋಟದವರು ಒಂದು ದಿನಕ್ಕೆ ನನ್ನ ಆಳನ್ನು ಕೇಳಿ ಕರೆದೊಯ್ದರು. ಅಲ್ಲಿ ಅಪಘಾತವಾದರೆ?

ಆ ದಿನದ ಮಟ್ಟಿಗೆ ಅವರೇ ಮಾಲೀಕರು. ಕೆಲಸಗಾರನನ್ನು ತಾತ್ಕಾಲಿಕವಾಗಿ ಎರವಲು ಕೊಟ್ಟಾಗ, ಅವನು ಯಾರಿಗಾಗಿ ದುಡಿಯುತ್ತಿದ್ದಾನೋ ಅವರನ್ನೇ ಕಾನೂನು ಮಾಲೀಕರೆಂದು ಪರಿಗಣಿಸುತ್ತದೆ. ಆಳು ಸಿಗದ ಈ ಕಾಲದಲ್ಲಿ ಅಕ್ಕಪಕ್ಕದವರು ಆಳು ಹಂಚಿಕೊಳ್ಳುವುದು ನಮ್ಮಲ್ಲಿ ದಿನನಿತ್ಯದ ಮಾತು. ನೀವು ಆಳನ್ನು ಕರೆಸಿಕೊಳ್ಳುವವರಾದರೆ ಆ ಕೂಲಿಯೂ ನಿಮ್ಮ ಲೆಕ್ಕದಲ್ಲಿರಲಿ.

ಪರಿಹಾರವನ್ನು ಹೇಗೆ ಲೆಕ್ಕ ಹಾಕುತ್ತಾರೆ?

ಮೂರು ಸಂಗತಿಗಳು ಬೇಕು: ತಿಂಗಳ ಕೂಲಿ, ವಯಸ್ಸು, ಗಾಯದ ಪ್ರಮಾಣ. ತಿಂಗಳ ಕೂಲಿ ಎಷ್ಟೇ ಇದ್ದರೂ ಲೆಕ್ಕಕ್ಕೆ ಹಿಡಿಯುವ ಗರಿಷ್ಠ ಮೊತ್ತವನ್ನು 2020ರ ಜನವರಿ 3ರ ಅಧಿಸೂಚನೆ 15,000 ರೂಪಾಯಿಗೆ ಏರಿಸಿತು. ಅದಕ್ಕೂ ಮೊದಲು ಅದು 8,000 ಇತ್ತು. ವಯಸ್ಸಿಗೆ ತಕ್ಕಂತೆ ಅನುಸೂಚಿಯಲ್ಲಿ ಒಂದು ಗುಣಕವಿದೆ. 25 ವರ್ಷಕ್ಕೆ 216.91, 30ಕ್ಕೆ 207.98, 40ಕ್ಕೆ 184.17, 50ಕ್ಕೆ 153.09, 60ಕ್ಕೆ 117.41. ವಯಸ್ಸು ಏರಿದಂತೆ ಗುಣಕ ಇಳಿಯುತ್ತದೆ.

ಸಾವಿನ ಪ್ರಕರಣದಲ್ಲಿ ತಿಂಗಳ ಕೂಲಿಯ ಅರ್ಧವನ್ನು ಗುಣಕದಿಂದ ಗುಣಿಸಬೇಕು. ತಿಂಗಳಿಗೆ 15,000 ರೂಪಾಯಿ ಪಡೆಯುತ್ತಿದ್ದ 40 ವರ್ಷದ ಕೆಲಸಗಾರ ಮೃತಪಟ್ಟರೆ 7,500 ಗುಣಿಸು 184.17, ಅಂದರೆ 13,81,275 ರೂಪಾಯಿ. ಅದೇ 25 ವರ್ಷದವನಾದರೆ 16,26,825. ಅಂತ್ಯಕ್ರಿಯೆಯ ವೆಚ್ಚವನ್ನು ಇದರ ಜೊತೆಗೆ ಬೇರೆ ಕೊಡಬೇಕು.

ಬದುಕುಳಿದರೂ ಇನ್ನು ಯಾವ ಕೆಲಸವನ್ನೂ ಮಾಡಲಾಗದ ಶಾಶ್ವತ ಸಂಪೂರ್ಣ ಅಂಗವೈಕಲ್ಯವಾದರೆ ಅರ್ಧದ ಬದಲು ಶೇಕಡಾ 60. ಅದೇ 40 ವರ್ಷದವನಿಗೆ 9,000 ಗುಣಿಸು 184.17, ಒಟ್ಟು 16,57,530 ರೂಪಾಯಿ. ಸಾವಿಗಿಂತ ಇದು ಹೆಚ್ಚೇಕೆ ಎಂದು ಕೇಳುವವರಿದ್ದಾರೆ. ಬೆನ್ನುಮೂಳೆ ಮುರಿದು ಹಾಸಿಗೆ ಹಿಡಿದವನಿಗೆ ಊಟವೂ ಬೇಕು, ಔಷಧವೂ ಬೇಕು, ನೋಡಿಕೊಳ್ಳುವವರ ದುಡಿಮೆಯೂ ನಿಂತಿರುತ್ತದೆ.

ಭಾಗಶಃ ಅಂಗವೈಕಲ್ಯಕ್ಕೆ ಶೇಕಡಾವಾರು ಪಟ್ಟಿಯಿದೆ. ಹೆಬ್ಬೆರಳು ಹೋದರೆ ಗಳಿಕೆಯ ಶಕ್ತಿಯಲ್ಲಿ ಶೇಕಡಾ 30 ನಷ್ಟ ಎಂದು ಅದು ಹೇಳುತ್ತದೆ. ಮೇಲಿನ ಉದಾಹರಣೆಯಲ್ಲಿ ಅದು 4,97,259 ರೂಪಾಯಿ ಆಗುತ್ತದೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಗರಗಸ, ಕಳೆ ಕೊಚ್ಚುವ ಯಂತ್ರ ಇವುಗಳ ಹತ್ತಿರ ಕೆಲಸ ಮಾಡಿಸುವವರು ಈ ಸಂಖ್ಯೆಯನ್ನು ನೆನಪಿಡಬೇಕು.

ಕಾಲು ಮುರಿದು ಕೆಲವು ತಿಂಗಳು ಕೆಲಸವಿಲ್ಲದೆ ಕುಳಿತರೆ ಪ್ರತಿ ಹದಿನೈದು ದಿನಕ್ಕೊಮ್ಮೆ ತಿಂಗಳ ಕೂಲಿಯ ಶೇಕಡಾ 25. ತಿಂಗಳ ಲೆಕ್ಕದಲ್ಲಿ ಅರ್ಧ ಕೂಲಿ ಎಂದಾಯಿತು. ಮೊದಲ ಮೂರು ದಿನಗಳಿಗೆ ಇದು ಸಿಗುವುದಿಲ್ಲ. ಆದರೆ 28 ದಿನ ಅಥವಾ ಅದಕ್ಕಿಂತ ಹೆಚ್ಚು ಕಾಲ ಮಲಗಬೇಕಾಗಿ ಬಂದರೆ ಮೊದಲ ದಿನದಿಂದಲೇ ಸಿಗುತ್ತದೆ. ಗರಿಷ್ಠ ಐದು ವರ್ಷ. ಚಿಕಿತ್ಸೆಯ ನಿಜವಾದ ಖರ್ಚನ್ನೂ ಮಾಲೀಕರೇ ಭರಿಸಬೇಕು.

ಏಣಿ ತಂತಿಗೆ ತಗುಲಿಸಿಕೊಂಡದ್ದು ಕೆಲಸಗಾರನದೇ ತಪ್ಪು. ಕುಡಿದೂ ಇದ್ದ. ಆಗಲೂ ಕೊಡಬೇಕೇ?

ಮೃತಪಟ್ಟಿದ್ದರೆ ಕೊಡಬೇಕು. ಅಜಾಗರೂಕತೆ ಎಂಬ ಕಾರಣ ಈ ಕಾನೂನಿನಲ್ಲಿ ಮಾಲೀಕರನ್ನು ಪಾರು ಮಾಡುವುದಿಲ್ಲ. ಕುಡಿತ, ಸುರಕ್ಷತೆಯ ಸೂಚನೆಯನ್ನು ಬೇಕೆಂದೇ ಮೀರಿದ್ದು, ರಕ್ಷಣಾ ಸಾಧನವನ್ನು ಬೇಕೆಂದೇ ತೆಗೆದದ್ದು, ಇವು ಸಣ್ಣಪುಟ್ಟ ಮತ್ತು ಭಾಗಶಃ ಗಾಯಗಳಲ್ಲಿ ಮಾತ್ರ ಮಾಲೀಕರ ನೆರವಿಗೆ ಬರುತ್ತವೆ. ಸಾವು ಅಥವಾ ಶಾಶ್ವತ ಸಂಪೂರ್ಣ ಅಂಗವೈಕಲ್ಯವಾದಾಗ ಆ ವಾದಗಳು ನಿಲ್ಲುವುದಿಲ್ಲ. ಸತ್ತವನ ತಪ್ಪಿಗೆ ಅವನ ಮಕ್ಕಳು ಹಸಿಯಬಾರದು ಎಂಬ ಯೋಚನೆ ಇದರ ಹಿಂದಿದೆ. ಅದು ಸರಿಯಾದ ಯೋಚನೆ ಎಂಬುದೇ ನಮ್ಮ ಅಭಿಪ್ರಾಯ.

ತಂತಿ ಜೋತುಬಿದ್ದು ಇನ್ನೊಬ್ಬರ ನಿರ್ಲಕ್ಷ್ಯದಿಂದ ಅಪಘಾತವಾಗಿದ್ದರೆ, ಕೆಲಸಗಾರರಿಗೆ ಪರಿಹಾರ ಕೊಟ್ಟ ಮೇಲೆ ಆ ಮೊತ್ತವನ್ನು ನಿರ್ಲಕ್ಷ್ಯ ತೋರಿದವರಿಂದ ಕೇಳುವ ಹಕ್ಕು ನಿಮಗಿದೆ. ಆದ್ದರಿಂದ ತಂತಿ ಕೊಂಬೆಗೆ ತಾಗುವಷ್ಟು ಕೆಳಗಿದ್ದರೆ ವಿದ್ಯುತ್ ಸರಬರಾಜು ಮಾಡುವ ಸೆಸ್ಕ್ ಕಚೇರಿಗೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ಕಪಾತಿನ ದಿನ ಆ ಲೈನಿನ ವಿದ್ಯುತ್ ನಿಲ್ಲಿಸುವಂತೆ ಮುಂಚೆಯೇ ಕೇಳಿ. ತಂತಿ ಹಾದುಹೋಗುವ ಕಡೆ ಅಲ್ಯೂಮಿನಿಯಂ ಏಣಿಯನ್ನು ಒಳಗೆ ಬಿಡಲೇಬೇಡಿ, ಒಣ ಬಿದಿರಿನದೋ ವಿದ್ಯುತ್ ಹರಿಯದ ಫೈಬರ್ ಏಣಿಯೋ ಇರಲಿ. ಹಸಿ ಬಿದಿರೂ ವಿದ್ಯುತ್ತಿನ ಮುಂದೆ ನಂಬಿಕೆಗೆ ಯೋಗ್ಯವಲ್ಲ. ಯಾವ ಪಾಲಿಸಿಯೂ ಈ ಮುನ್ನೆಚ್ಚರಿಕೆಗಳ ಬದಲಿಗೆ ಬರುವುದಿಲ್ಲ.

ಕಾಡಾನೆ ತುಳಿದರೆ, ಹಾವು ಕಚ್ಚಿದರೆ, ಹೆಜ್ಜೇನು ದಾಳಿ ಮಾಡಿದರೆ?

ಕೆಲಸವೇ ಆ ಅಪಾಯದ ಬಾಯಿಗೆ ಅವರನ್ನು ಒಯ್ದಿತ್ತೇ ಎಂಬುದನ್ನು ನೋಡುತ್ತಾರೆ. ಸಿದ್ದಾಪುರ, ಅಮ್ಮತ್ತಿ, ಪಾಲಿಬೆಟ್ಟದ ಕಡೆ ಆನೆಗಳು ತೋಟದಲ್ಲೇ ಬೀಡುಬಿಟ್ಟಿರುವಾಗ ಬೆಳಿಗ್ಗೆ ಕೊಯ್ಲಿಗೆ ಇಳಿದವರ ಮೇಲೆ ದಾಳಿಯಾದರೆ ಅದು ಕೆಲಸದ ಅಪಘಾತವಲ್ಲ ಎನ್ನುವುದು ಕಷ್ಟ. ಗಿಡದ ಬುಡದಲ್ಲಿ ಕಳೆ ತೆಗೆಯುವಾಗ ಹಾವು ಕಚ್ಚಿದ್ದಕ್ಕೂ ಇದೇ ಮಾತು. ಅರಣ್ಯ ಇಲಾಖೆ ಕೊಡುವ ಪರಿಹಾರ ಬೇರೆಯದೇ ಬಾಬತ್ತು. ಅದು ಬಂತೆಂದು ಮಾಲೀಕರ ಹೊಣೆ ತೀರಿತು ಎಂದುಕೊಳ್ಳಬಾರದು.

ಹೃದಯಾಘಾತದ ಪ್ರಕರಣಗಳು ಮಾತ್ರ ಒಂದೊಂದೂ ಒಂದೊಂದು ದಾರಿ ಹಿಡಿಯುತ್ತವೆ. ಕೆಲಸದ ಶ್ರಮಕ್ಕೂ ಸಾವಿಗೂ ಸಂಬಂಧವಿದೆ ಎಂದು ವೈದ್ಯಕೀಯ ದಾಖಲೆ ತೋರಿಸಬೇಕಾಗುತ್ತದೆ. ಕೀಟನಾಶಕ ಸಿಂಪಡಿಸುವವರಿಗೆ ರಂಜಕದ (ಫಾಸ್ಫರಸ್) ಸಂಯುಕ್ತಗಳಿಂದ ಬರುವ ಕಾಯಿಲೆ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿದೆ. ಪಾಲಿಸಿಯಲ್ಲಿ ಇಂಥ ರೋಗಗಳೂ ಸೇರಿವೆಯೇ ಎಂದು ನೋಡಿಕೊಳ್ಳಿ.

ಜೀಪಿನಲ್ಲಿ ಕೆಲಸಕ್ಕೆ ಬರುವಾಗ ದಾರಿಯಲ್ಲಿ ಅಪಘಾತವಾದರೆ?

ಈ ವಿಷಯದಲ್ಲಿ ಕಾನೂನು ಇತ್ತೀಚೆಗೆ ಸ್ಪಷ್ಟವಾಗಿದೆ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ಕೆಲಸಕ್ಕೆ ಹೊರಟು ದಾರಿಯಲ್ಲಿ ಮೃತಪಟ್ಟ ಸಕ್ಕರೆ ಕಾರ್ಖಾನೆಯ ಕಾವಲುಗಾರರೊಬ್ಬರ ಪ್ರಕರಣದಲ್ಲಿ, ಸಮಯ, ಸ್ಥಳ ಮತ್ತು ಸನ್ನಿವೇಶಕ್ಕೆ ಕೆಲಸದೊಂದಿಗೆ ನಂಟಿದ್ದರೆ ಅದು ಕೆಲಸದ ಅಪಘಾತವೇ ಎಂದು ತೀರ್ಪು ಕೊಟ್ಟಿತು. ಹೊಸ ಸಂಹಿತೆಯೂ ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ ಹೋಗುವ ದಾರಿಯನ್ನು ಇದೇ ಷರತ್ತಿನೊಂದಿಗೆ ಒಳಗೊಳ್ಳುತ್ತದೆ.

ಪಿಕಪ್ ವಾಹನದ ಹಿಂಭಾಗದಲ್ಲಿ ಜನರನ್ನು ತುಂಬಿಕೊಂಡು ಹೋಗುವುದು ನಮ್ಮ ರಸ್ತೆಗಳಲ್ಲಿ ಪ್ರತಿದಿನ ಕಾಣುವ ನೋಟ. ಸರಕು ವಾಹನದಲ್ಲಿ ಹೋದವರಿಗೆ ಏನಾದರೂ ಆದರೆ ವಾಹನದ ವಿಮಾ ಕಂಪನಿ ತಕರಾರು ತೆಗೆಯುತ್ತದೆ, ಹೊಣೆ ಸುತ್ತಿಕೊಂಡು ಮಾಲೀಕರ ತಲೆಗೇ ಬರುತ್ತದೆ. ಜನ ಸಾಗಿಸಲು ಪರವಾನಗಿ ಇರುವ ವಾಹನವನ್ನೇ ಬಳಸಿ.

ಲೈನ್ ಮನೆ ಕುಸಿದರೆ?

ತೋಟದ ಮಾಲೀಕರು ಕೊಟ್ಟ ಮನೆ ಕುಸಿದು ಕಾರ್ಮಿಕರು ಅಥವಾ ಅವರ ಕುಟುಂಬದವರು ಸತ್ತರೆ, ಗಾಯಗೊಂಡರೆ ಪರಿಹಾರ ಕೊಡಬೇಕೆಂದು ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆಯಲ್ಲಿದ್ದ ವಿಧಿಯನ್ನು ಹೊಸ ಸಂಹಿತೆಯೂ ಉಳಿಸಿಕೊಂಡಿದೆ. ವಾಸವಿದ್ದವರದೇ ತಪ್ಪಿನಿಂದ ಅಥವಾ ಪ್ರಕೃತಿ ವಿಕೋಪದಿಂದ ಕುಸಿದಿದ್ದರೆ ವಿನಾಯಿತಿ. 2018ರ ಆಗಸ್ಟ್‌ನಂತಹ ಭೂಕುಸಿತ ಪ್ರಕೃತಿ ವಿಕೋಪ ಎಂಬುದರಲ್ಲಿ ಅನುಮಾನವಿಲ್ಲ. ವರ್ಷಗಳಿಂದ ಬಿರುಕು ಬಿಟ್ಟಿದ್ದ ಗೋಡೆ ಜುಲೈ ತಿಂಗಳ ಸಾಧಾರಣ ಮಳೆಗೆ ಬಿದ್ದರೆ ಅದನ್ನು ವಿಕೋಪವೆಂದು ಒಪ್ಪಿಸುವುದು ಸುಲಭವಲ್ಲ. ಇಲ್ಲಿ ಕುಟುಂಬದವರೂ ಸೇರುತ್ತಾರೆ ಎಂಬುದನ್ನು ಗಮನಿಸಿ. ಕೆಲಸಗಾರರನ್ನು ಮಾತ್ರ ಲೆಕ್ಕ ಹಿಡಿದ ಪಾಲಿಸಿಯಲ್ಲಿ ಅವರ ಮಕ್ಕಳಿಗೆ ರಕ್ಷಣೆ ಇರುವುದಿಲ್ಲ. ಮಳೆಗಾಲಕ್ಕೆ ಮೊದಲು ಲೈನ್ ಮನೆಗಳ ಗೋಡೆ, ಮಾಡು, ಹಿಂದಿನ ಮಣ್ಣಿನ ಬರೆಯನ್ನು ಒಮ್ಮೆ ನೋಡಿ ಬನ್ನಿ.

ನಮ್ಮಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಇದೆ. ಈ ವಿಮೆಯೂ ಬೇಕೇ?

ಇಎಸ್‌ಐ ವ್ಯಾಪ್ತಿಯಲ್ಲಿರುವ ಕೆಲಸಗಾರರಿಗೆ ಬೇಡ. ಅವರಿಗೆ ಅಪಘಾತದ ಸೌಲಭ್ಯ ಇಎಸ್‌ಐನಿಂದಲೇ ಬರುತ್ತದೆ, ಎರಡೂ ಕಡೆಯಿಂದ ಪಡೆಯುವಂತಿಲ್ಲ. ಹತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆಗಳಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ವೇತನ ಪಡೆಯುವವರು ಅದರ ವ್ಯಾಪ್ತಿಗೆ ಬರುತ್ತಾರೆ. ಮಾಲೀಕರ ವಂತಿಗೆ ಶೇಕಡಾ 3.25, ನೌಕರರದು 0.75. ಆ ಮಿತಿಗಿಂತ ಹೆಚ್ಚು ವೇತನವಿರುವವರಿಗೆ ಪಾಲಿಸಿ ಬೇಕು. ಪ್ಲಾಂಟೇಷನ್‌ಗಳಿಗೆ ಇಎಸ್‌ಐ ತಾನಾಗಿ ಅನ್ವಯಿಸುವುದಿಲ್ಲ, ಮಾಲೀಕರು ಇಚ್ಛಿಸಿದರೆ ಸೇರುವ ಅವಕಾಶವನ್ನು ಹೊಸ ಸಂಹಿತೆ ಕೊಟ್ಟಿದೆ.

ಎಲ್ಲರಿಗೂ 20 ರೂಪಾಯಿಯ ಸುರಕ್ಷಾ ಬಿಮಾ ಮಾಡಿಸಿದ್ದೇನೆ. ಸಾಲದೇ?

ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಒಳ್ಳೆಯದು, ಖಂಡಿತ ಮಾಡಿಸಿ. ಆದರೆ ಅದರಿಂದ ಬರುವ 2 ಲಕ್ಷ ರೂಪಾಯಿ ಆ ಕೆಲಸಗಾರನ ಕುಟುಂಬದ ಸ್ವಂತ ಹಣ. ಮೇಲಿನ ಉದಾಹರಣೆಯಂತೆ ನೀವು ಕೊಡಬೇಕಾದ 13 ಲಕ್ಷದಲ್ಲಿ ಅದನ್ನು ಕಳೆಯಲಾಗದು.

ಹೋಂಸ್ಟೇಯಲ್ಲಿ ಇಬ್ಬರೇ ಇದ್ದಾರೆ, ಒಬ್ಬ ಅಡುಗೆಯವರು, ಒಬ್ಬ ಸ್ವಚ್ಛತೆಗೆ. ನಮಗೂ ಬೇಕೇ?

ಬೇಕು. ವಿದ್ಯುತ್ ಅಥವಾ ಅಡುಗೆ ಅನಿಲ ಬಳಸುವ ಹೋಟೆಲ್, ರೆಸ್ಟೊರೆಂಟ್‌ಗಳ ಅಡುಗೆಯವರು ಅನುಸೂಚಿಯಲ್ಲೇ ಇದ್ದಾರೆ. ಇಬ್ಬರ ಪಾಲಿಸಿಗೆ ತಗಲುವ ಪ್ರೀಮಿಯಂ ದೊಡ್ಡ ಮೊತ್ತವಲ್ಲ. ಹೋಂಸ್ಟೇ ತೋಟದೊಳಗೇ ಇದ್ದು, ಅದೇ ವ್ಯಕ್ತಿ ಬೆಳಿಗ್ಗೆ ಅತಿಥಿಗಳಿಗೆ ತಿಂಡಿ ಬಡಿಸಿ ಮಧ್ಯಾಹ್ನ ಮೆಣಸು ಕೊಯ್ಯುವುದಾದರೆ ಎರಡೂ ಕೆಲಸವನ್ನು ಪ್ರಸ್ತಾವದಲ್ಲಿ ಬರೆಯಿರಿ. ಅತಿಥಿಗಳಿಗೆ ಆಗುವ ಅಪಘಾತ ಈ ಪಾಲಿಸಿಯಲ್ಲಿ ಸೇರುವುದಿಲ್ಲ, ಅದಕ್ಕೆ ಸಾರ್ವಜನಿಕ ಹೊಣೆಗಾರಿಕೆಯ ಪಾಲಿಸಿ ಬೇರೆ ಇದೆ.

ಪ್ರೀಮಿಯಂ ಎಷ್ಟಾಗುತ್ತದೆ? ಕಡಿಮೆ ಮಾಡಿಕೊಳ್ಳುವುದು ಹೇಗೆ?

ವರ್ಷಕ್ಕೆ ನೀವು ಕೊಡುವ ಒಟ್ಟು ಕೂಲಿಯ ಮೇಲೆ, ಕೆಲಸದ ಅಪಾಯಕ್ಕೆ ತಕ್ಕ ದರದಲ್ಲಿ ಲೆಕ್ಕ ಹಾಕುತ್ತಾರೆ. ಮೇಲೆ ಶೇಕಡಾ 18 ಜಿಎಸ್‌ಟಿ. ತೋಟದ ಲೆಕ್ಕ ಬರೆಯುವ ರೈಟರ್‌ಗೆ ಒಂದು ದರ, ಮರ ಹತ್ತುವವರಿಗೆ ಇನ್ನೊಂದು. ಪ್ರೀಮಿಯಂ ಕಡಿಮೆ ಮಾಡುವ ಆಸೆಗೆ ಮರ ಹತ್ತುವವರನ್ನೂ ‘ಸಾಮಾನ್ಯ ತೋಟ ಕೆಲಸ’ ಎಂದು ಬರೆಸುವುದು ನಡೆದುಕೊಂಡು ಬಂದಿದೆ. ಬೀಳುವವರು ಮರ ಹತ್ತುವವರೇ. ಬಿದ್ದ ದಿನ ಕಂಪನಿ ತೆರೆದು ನೋಡುವುದೂ ಆ ಸಾಲನ್ನೇ.

ಕೂಲಿಯ ಮೊತ್ತದಲ್ಲೂ ಇದೇ ತಪ್ಪಾಗುತ್ತದೆ. ಒಂದು ತೋಟದಲ್ಲಿ ವರ್ಷವಿಡೀ ಎಂಟು ಜನ, ಕೊಯ್ಲಿನ ಮೂರು ತಿಂಗಳು ಇನ್ನೂ ಇಪ್ಪತ್ತು ಜನ ಇದ್ದಾರೆ ಎನ್ನೋಣ. ತಲಾ ತಿಂಗಳಿಗೆ 13,000 ರೂಪಾಯಿ ಹಿಡಿದರೆ ಎಂಟು ಜನರದು 12,48,000, ಇಪ್ಪತ್ತು ಜನರದು 7,80,000. ಒಟ್ಟು 20,28,000 ರೂಪಾಯಿ ಬರೆಸಬೇಕು. ಎಂಟು ಜನರ ಕೂಲಿ ಮಾತ್ರ ಬರೆಸಿದರೆ, ಕೊಯ್ಲಿಗೆ ಬಂದವರಲ್ಲಿ ಒಬ್ಬರಿಗೆ ಅಪಘಾತವಾದಾಗ ‘ಇವರು ನಮ್ಮ ಲೆಕ್ಕದಲ್ಲೇ ಇಲ್ಲ’ ಎನ್ನಲು ಕಂಪನಿಗೆ ನೀವೇ ದಾರಿ ಮಾಡಿಕೊಟ್ಟಂತೆ. ಆರಂಭದಲ್ಲಿ ಕೊಡುವುದು ಅಂದಾಜು ಮಾತ್ರ, ವರ್ಷದ ಕೊನೆಗೆ ನಿಜವಾದ ಕೂಲಿಯ ಲೆಕ್ಕ ಕೊಟ್ಟು ಹೆಚ್ಚು ಕಡಿಮೆ ಸರಿಪಡಿಸಿಕೊಳ್ಳಬಹುದು. ಧೈರ್ಯವಾಗಿ ಸರಿಯಾದ ಅಂದಾಜು ಕೊಡಿ.

ಆಳುಗಳು ಪದೇ ಪದೇ ಬದಲಾಗುವ ತೋಟಗಳಿಗೆ ಹೆಸರಿಲ್ಲದೆ, ವರ್ಗ ಮತ್ತು ಸಂಖ್ಯೆಯ ಮೇಲೆ ಮಾಡಿಸುವ ಪಾಲಿಸಿ ಅನುಕೂಲ. ಆಗ ಹಾಜರಿ ಪುಸ್ತಕವೇ ಸಾಕ್ಷಿ. ಚೆಕ್‌ರೋಲ್‌ನಲ್ಲಿ ಆ ದಿನದ ಹೆಸರು ಇಲ್ಲದಿದ್ದರೆ ಆ ಮನುಷ್ಯ ನಿಮ್ಮಲ್ಲಿ ಕೆಲಸಕ್ಕಿದ್ದ ಎಂದು ತೋರಿಸಲು ನೀವೂ ಒದ್ದಾಡಬೇಕು, ಅವನ ಮನೆಯವರೂ ಒದ್ದಾಡಬೇಕು.

ಪಾಲಿಸಿ ಇದ್ದರೂ ನನ್ನ ಕೈಯಿಂದ ಹೋಗುವ ಹಣ ಯಾವುದು?

ದಂಡದ ಮೊತ್ತ ಮೊದಲನೆಯದು. ಪರಿಹಾರವನ್ನು ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇಕಡಾ 12 ಬಡ್ಡಿ ಸೇರುತ್ತದೆ. ತಡಕ್ಕೆ ಸರಿಯಾದ ಕಾರಣವಿಲ್ಲದಿದ್ದರೆ ಮೂಲ ಮೊತ್ತದ ಶೇಕಡಾ 50ರವರೆಗೆ ದಂಡ ಬೀಳಬಹುದು. ದಂಡವನ್ನು ವಿಮಾ ಕಂಪನಿಗಳು ಕಟ್ಟುವುದಿಲ್ಲ. ಬಡ್ಡಿಯನ್ನೂ ಪಾಲಿಸಿಯ ಷರತ್ತಿನಲ್ಲಿ ಹೊರಗಿಡಲು ಕಂಪನಿಗೆ ಅವಕಾಶವಿದೆ ಎಂದು 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಚಿಕಿತ್ಸೆಯ ವೆಚ್ಚಕ್ಕೆ ಸಾಮಾನ್ಯವಾಗಿ ಹೆಚ್ಚುವರಿ ಪ್ರೀಮಿಯಂ ಕಟ್ಟಿ ಬೇರೆ ರಕ್ಷಣೆ ಪಡೆಯಬೇಕು, ಅದಕ್ಕೂ ಒಂದು ಮಿತಿ ಇರುತ್ತದೆ. ಬೆನ್ನುಮೂಳೆಯ ಗಾಯಕ್ಕೆ ಮೈಸೂರಿನ ಆಸ್ಪತ್ರೆಗೆ ಒಯ್ಯಬೇಕಾದರೆ ಸಣ್ಣ ಮಿತಿ ಎರಡೇ ದಿನಕ್ಕೆ ಕರಗುತ್ತದೆ. ಮಿತಿಯನ್ನು ಸ್ವಲ್ಪ ದೊಡ್ಡದಾಗಿಯೇ ಇಟ್ಟುಕೊಳ್ಳಿ.

ಅಪಘಾತವಾದ ದಿನ ಏನು ಮಾಡಬೇಕು?

ಮೊದಲು ಆಸ್ಪತ್ರೆ. ‘ತೋಟದಲ್ಲಿ ಕೆಲಸ ಮಾಡುವಾಗ ಬಿದ್ದದ್ದು’ ಎಂದೇ ಅಲ್ಲಿ ಬರೆಸಿ. ‘ಮನೆಯಲ್ಲಿ ಜಾರಿ ಬಿದ್ದದ್ದು’ ಎಂದು ಬರೆಸಿ ಪೊಲೀಸ್ ತಾಪತ್ರಯ ತಪ್ಪಿಸಿಕೊಳ್ಳಲು ಹೋದವರು ಮುಂದೆ ವಿಮೆಯ ಹಣವನ್ನೂ ಕಳೆದುಕೊಳ್ಳುತ್ತಾರೆ, ಸುಳ್ಳು ದಾಖಲೆಯ ಹೊಣೆಯನ್ನೂ ಹೊರುತ್ತಾರೆ. ಅದೇ ದಿನ ವಿಮಾ ಕಂಪನಿಗೆ ಇಮೇಲ್ ಅಥವಾ ಪತ್ರದ ಮೂಲಕ ತಿಳಿಸಿ. ಸಾವು ಅಥವಾ ಗಂಭೀರ ಗಾಯವಾದರೆ ಏಳು ದಿನದೊಳಗೆ ಪ್ರಾಧಿಕಾರಕ್ಕೆ ವರದಿ ಕೊಡಬೇಕು. ಯಾವ ಕಚೇರಿಗೆ ಕೊಡಬೇಕೆಂಬುದನ್ನು ಮಡಿಕೇರಿಯ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ. ಎಫ್‌ಐಆರ್, ಮರಣೋತ್ತರ ಪರೀಕ್ಷೆಯ ವರದಿ ಅಥವಾ ಗಾಯದ ಪ್ರಮಾಣಪತ್ರ, ಹಾಜರಿ ಮತ್ತು ಕೂಲಿ ಪುಸ್ತಕ, ವಯಸ್ಸಿನ ದಾಖಲೆ, ಇಷ್ಟನ್ನು ಒಂದೇ ಕಡೆ ಇಡಿ. ನೋಟಿಸ್ ಬಂದರೆ ಮೇಜಿನ ಮೇಲೆ ಬಿಡದೆ ಅಂದೇ ಕಂಪನಿಗೆ ತಲುಪಿಸಿ.

ಅಪಘಾತದಿಂದ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು ಎಂಬುದನ್ನು ಕೆಲಸಗಾರರ ಕುಟುಂಬಕ್ಕೂ ತಿಳಿಸಿ. ಅಸ್ಸಾಂಗೆ ಮರಳಿದ ಕುಟುಂಬಕ್ಕೆ ಅದನ್ನು ಹೇಳುವವರು ನೀವಲ್ಲದೆ ಬೇರೆ ಯಾರೂ ಇರುವುದಿಲ್ಲ.

ಊರಿನ ಹಿರಿಯರನ್ನು ಕೂರಿಸಿ, ಮನೆಯವರಿಗೆ ಒಂದಷ್ಟು ಹಣ ಕೊಟ್ಟು ಮುಗಿಸಿದರೆ ಆಗದೇ?

ಆಗುವುದಿಲ್ಲ. ಸಾವಿನ ಪರಿಹಾರವನ್ನು ಪ್ರಾಧಿಕಾರದಲ್ಲಿ ಠೇವಣಿ ಇಡಬೇಕು, ಅವಲಂಬಿತರಿಗೆ ಹಂಚುವುದು ಪ್ರಾಧಿಕಾರದ ಕೆಲಸ. ಮಾಲೀಕರು ನೇರವಾಗಿ ಕೈಗೆ ಕೊಟ್ಟ ಹಣವನ್ನು ಪರಿಹಾರವೆಂದು ಕಾನೂನು ಒಪ್ಪುವುದಿಲ್ಲ. ಮೂರು ತಿಂಗಳ ಕೂಲಿಯಷ್ಟು ಮುಂಗಡ ಕೊಡುವುದಕ್ಕೆ ಮಾತ್ರ 1923ರ ಕಾಯ್ದೆ ವಿನಾಯಿತಿ ಕೊಟ್ಟಿತ್ತು. ‘ಇನ್ನು ಏನೂ ಕೇಳುವುದಿಲ್ಲ’ ಎಂದು ಬರೆಸಿಕೊಂಡ ಛಾಪಾ ಕಾಗದಕ್ಕೂ ಬೆಲೆಯಿಲ್ಲ. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಒಪ್ಪಂದ ಅಸಿಂಧು. ಹೆಬ್ಬೆಟ್ಟು ಒತ್ತಿಸಿಕೊಂಡು ಲಕ್ಷ ರೂಪಾಯಿಗೆ ಒಂದು ಜೀವದ ಲೆಕ್ಕ ಮುಗಿಸುವ ಅಭ್ಯಾಸ ಇನ್ನಾದರೂ ನಿಲ್ಲಬೇಕು. ಮುಂದೆ ಯಾರಾದರೂ ಅರ್ಜಿ ಹಾಕಿದರೆ ಪೂರ್ತಿ ಮೊತ್ತವನ್ನು ಬಡ್ಡಿ ಸಮೇತ ಮತ್ತೆ ಕಟ್ಟಬೇಕಾಗುತ್ತದೆ.

ಈ ಹಕ್ಕುಗಳ ಬಗ್ಗೆ ಕೆಲಸಗಾರರಿಗೆ ನಾನೇ ತಿಳಿಸಬೇಕೇ?

ಹೌದು. 2017ರ ತಿದ್ದುಪಡಿಯಿಂದ ಇದು ಮಾಲೀಕರ ಕರ್ತವ್ಯ. ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಬರಹದಲ್ಲಿ ಮತ್ತು ಮೊಬೈಲ್‌ನಂತಹ ವಿದ್ಯುನ್ಮಾನ ಮಾಧ್ಯಮದಲ್ಲಿ, ಅವರಿಗೆ ಅರ್ಥವಾಗುವಂತೆ ತಿಳಿಸಬೇಕು. ತಪ್ಪಿದರೆ 50,000ದಿಂದ 1 ಲಕ್ಷ ರೂಪಾಯಿವರೆಗೆ ದಂಡವನ್ನು ಆ ತಿದ್ದುಪಡಿ ಇಟ್ಟಿತ್ತು. ಕನ್ನಡ ಓದಲು ಬಾರದವರಿಗೆ ಹಿಂದಿಯಲ್ಲಿ ಒಂದು ಪ್ರತಿ ಇರಲಿ. ಅದೇ ಹೊತ್ತಿನಲ್ಲಿ ಅವರ ಊರು, ಹೆಂಡತಿ ಮಕ್ಕಳ ಹೆಸರು, ಒಂದು ಫೋನ್ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.

ನಾನೇ ಮರ ಹತ್ತುತ್ತೇನೆ. ನನಗೂ ಇದರಲ್ಲಿ ರಕ್ಷಣೆ ಇದೆಯೇ?

ಇಲ್ಲ. ಮಾಲೀಕರು ತಮಗಾಗಿ ವೈಯಕ್ತಿಕ ಅಪಘಾತ ವಿಮೆಯನ್ನು ಬೇರೆಯೇ ಮಾಡಿಸಿಕೊಳ್ಳಬೇಕು.

ಪಾಲಿಸಿಯನ್ನು ವರ್ಷದ ಯಾವ ತಿಂಗಳಲ್ಲಿ ಆರಂಭಿಸುವುದು ಒಳ್ಳೆಯದು?

ಹಣಕಾಸು ವರ್ಷಕ್ಕೆ ಹೊಂದಿಸಿ ಮಾರ್ಚ್ 31ಕ್ಕೆ ಮುಗಿಯುವಂತೆ ಮಾಡಿಸುವುದು ಹಲವರ ರೂಢಿ. ಕೊಡಗಿನಲ್ಲಿ ಅದು ಮೆಣಸು ಕೊಯ್ಲಿನ ನಟ್ಟನಡುವೆ ಬರುತ್ತದೆ. ಕೆಲಸದ ಗಡಿಬಿಡಿಯಲ್ಲಿ ನವೀಕರಣ ಎರಡು ದಿನ ತಡವಾದರೂ ಆ ಎರಡು ದಿನ ಏಣಿಯ ಮೇಲಿದ್ದವರಿಗೆ ರಕ್ಷಣೆ ಇರುವುದಿಲ್ಲ. ಅಕ್ಟೋಬರ್‌ನಲ್ಲಿ, ಸುಗ್ಗಿ ಹಬ್ಬವಾದ ಪುತ್ತರಿಗೂ ಅರೇಬಿಕಾ ಕೊಯ್ಲಿಗೂ ಮೊದಲು ಆರಂಭಿಸಿದರೆ ಕೊಯ್ಲು, ಮೆಣಸು, ಕಪಾತು ಮೂರೂ ಒಂದೇ ಪಾಲಿಸಿಯ ಅವಧಿಯೊಳಗೆ ಬರುತ್ತವೆ, ಆ ವರ್ಷ ಎಷ್ಟು ಆಳು ಬೇಕಾದೀತು ಎಂಬ ಅಂದಾಜೂ ಆ ಹೊತ್ತಿಗೆ ಸಿಕ್ಕಿರುತ್ತದೆ. ಮಾರ್ಚ್‌ಗೆ ಮುಗಿಯುವ ಪಾಲಿಸಿ ಈಗಾಗಲೇ ಇದ್ದರೆ ಫೆಬ್ರುವರಿಯಲ್ಲೇ ನವೀಕರಣದ ಹಣ ಕಟ್ಟಿಬಿಡಿ.